ಕೂಡಲೂರಿನಿಂದ ಸಿರಿಭೂವಲಯದವರೆಗೆ: ಅಂಕಚೌಕಗಳ ಜೋಡಣೆಯ ಪರಂಪರೆ

ತುಂಗಭದ್ರೆಯೂ ಹರಿದ್ರೆಯೂ ಕೂಡುವ ಎಡೆಯಲ್ಲಿ ನೆಲೆಗೊಂಡಿರುವ ಹರಿಹರಕ್ಕೆ ಕೂಡಲೂರು ಎಂಬುದು ಹಳೆಯ ಹೆಸರು. ಎರಡು ಹೊಳೆಗಳು ಕೂಡಿದ ಈ ಊರಿನಲ್ಲಿ ಎರಡು ದೈವಗಳನ್ನೂ ಕೂಡಿಸಿ ನಿಲ್ಲಿಸಲಾಗಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾಗಿದ್ದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಭಕ್ತರ ಪಾಲಿಗೆ ಇದರ ಹಿಂದಿನ ತತ್ತ್ವವೇ ಮುಖ್ಯ. ಆದರೆ ಉಳಿ ಹಿಡಿದ ಶಿಲ್ಪಿಗೆ ತತ್ತ್ವದ ಜೊತೆಗೆ ಒಂದು ಲೆಕ್ಕವೂ ಇತ್ತು. ಎರಡು ಅರ್ಧಗಳ ಎತ್ತರ ಸಮನಾಗಿರಬೇಕು; ಹಣೆ, ಹೆಗಲು, ನಡು, ಮಂಡಿಗಳ ಗೆರೆಗಳು ನಡುರೇಖೆಯಲ್ಲಿ ಒಂದನ್ನೊಂದು ಮುಟ್ಟಬೇಕು; ಯಾವುದು ಬಲಕ್ಕೆ, ಯಾವುದು ಎಡಕ್ಕೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಜೋಡಣೆ ಎಂಬ ಕ್ರಿಯೆಯಲ್ಲಿ ಅಡಗಿರುವ ಎರಡು ಷರತ್ತುಗಳು, ಎಂದರೆ ಅಂಚುಗಳ ಅಳತೆ ಹೊಂದುವುದು ಮತ್ತು ಕ್ರಮ ನಿಶ್ಚಿತವಾಗಿರುವುದು, ಈ ಒಂದು ಮೂರ್ತಿಯಲ್ಲೇ ಕಾಣಸಿಗುತ್ತವೆ.

ಹರಿಹರಕ್ಕೆ ಸಮೀಪದ ದಾವಣಗೆರೆಯಲ್ಲಿ 1951ರಿಂದ ತಾಂತ್ರಿಕ ಶಿಕ್ಷಣವಿದೆ. ಬಿ.ಡಿ.ಟಿ. ಕಾಲೇಜು ಆ ವರ್ಷ ಆರಂಭವಾಯಿತು; 1979ರಲ್ಲಿ ಬಾಪೂಜಿ ತಾಂತ್ರಿಕ ವಿದ್ಯಾಲಯ ಬಂದಿತು. ವಿದ್ಯಾನಗರದಂತಹ ಬಡಾವಣೆಗಳ ಮನೆಗಳಲ್ಲಿ ಇಂದು ಎಂಜಿನಿಯರಿಂಗ್ ಓದುವ ಮಕ್ಕಳು ಗಣಕದ ಮುಂದೆ ಕುಳಿತು ಅಂಕಿಗಳ ಚೌಕಗಳನ್ನು ಒಂದಕ್ಕೊಂದು ಜೋಡಿಸುವ ಪಾಠ ಕಲಿಯುತ್ತಾರೆ. ಅದೇ ಮನೆಗಳ ಅಂಗಳದಲ್ಲಿ ಬೆಳಗಿನ ಹೊತ್ತು ಏಳು ಚುಕ್ಕಿ ಏಳು ಸಾಲಿನ ರಂಗೋಲಿ ಬೀಳುತ್ತದೆ. ಹಬ್ಬದ ದಿನ ಅಂಥ ನಾಲ್ಕು ರಂಗೋಲಿಗಳು ಸೇರಿ ಒಂದು ದೊಡ್ಡ ರಂಗೋಲಿಯಾಗುತ್ತದೆ. ಒಳಗೆ ನಡೆಯುವುದೂ ಹೊರಗೆ ನಡೆಯುವುದೂ ಒಂದೇ ಕೆಲಸವೆಂದು ಹೇಳಿದರೆ ಅದು ಉತ್ಪ್ರೇಕ್ಷೆಯಾದೀತು. ಆದರೆ ಎರಡಕ್ಕೂ ಸಮಾನವಾದ ಒಂದು ಸಮಸ್ಯೆಯಿದೆ. ಬಿಡಿಬಿಡಿಯಾಗಿ ಇಟ್ಟ ಚೌಕಗಳನ್ನು ಯಾವ ನಿಯಮದಿಂದ ಕೂಡಿಸಿದರೆ ಅವು ಅರ್ಥವುಳ್ಳ ಇಡಿಯಾಗುತ್ತವೆ? ಆ ನಿಯಮವನ್ನು ಕಾಪಾಡುವವರು ಯಾರು? ಕನ್ನಡದಲ್ಲಿ ಈ ಪ್ರಶ್ನೆ ಅತ್ಯಂತ ತೀವ್ರವಾಗಿ ಎದುರಾಗುವುದು ಕುಮುದೇಂದು ಮುನಿಯ ಸಿರಿಭೂವಲಯದಲ್ಲಿ. ಅಲ್ಲಿಗೆ ತಲುಪುವ ಮೊದಲು ದಾರಿಯಲ್ಲಿ ಕೆಲವು ನಿಲ್ದಾಣಗಳಿವೆ.

ಮಾತೃಕೆ ಎಂಬ ಪದ

ಗಣಿತದ ಪಠ್ಯಗಳಲ್ಲಿ ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳ ಆಯತಕ್ಕೆ ಕನ್ನಡದಲ್ಲಿ ಮಾತೃಕೆ ಎಂಬ ಹೆಸರು ನಿಂತಿದೆ. ಇಂಗ್ಲಿಷ್ ಗಣಿತಜ್ಞ ಸಿಲ್ವೆಸ್ಟರನು 1850ರಲ್ಲಿ ಇದಕ್ಕೆ ಮ್ಯಾಟ್ರಿಕ್ಸ್ ಎಂದು ಹೆಸರಿಟ್ಟಾಗ ಅವನ ಮನಸ್ಸಿನಲ್ಲಿದ್ದುದು ಗರ್ಭ ಎಂಬ ಅರ್ಥ. ಆ ಆಯತದಿಂದ ಬೇರೆ ಬೇರೆ ನಿರ್ಧಾರಕಗಳು ಹುಟ್ಟಬಲ್ಲವು ಎಂಬುದು ಅವನ ಭಾವನೆ. ಕೇಯ್ಲಿಯು 1858ರಲ್ಲಿ ಅಂಥ ಆಯತಗಳನ್ನು ಕೂಡುವ, ಗುಣಿಸುವ ಬೀಜಗಣಿತವನ್ನು ಕಟ್ಟಿಕೊಟ್ಟನು. ಕನ್ನಡದ ಮಾತೃಕೆಯಲ್ಲಿಯೂ ತಾಯಿ ಇದ್ದಾಳೆ. ಆದರೆ ಕನ್ನಡದ ವಿದ್ವತ್ ವಲಯದಲ್ಲಿ ಈ ಪದಕ್ಕೆ ಇನ್ನೆರಡು ಅರ್ಥಗಳು ಮೊದಲೇ ಇದ್ದವು. ತಂತ್ರ ಮತ್ತು ವ್ಯಾಕರಣಗಳ ಪರಂಪರೆಯಲ್ಲಿ ಮಾತೃಕೆ ಎಂದರೆ ಅಕ್ಷರಮಾಲೆ. ಗ್ರಂಥಸಂಪಾದನೆಯಲ್ಲಿ ಮಾತೃಕೆ ಎಂದರೆ ಯಾವುದನ್ನು ನೋಡಿಕೊಂಡು ಪ್ರತಿ ಮಾಡಲಾಯಿತೋ ಆ ಆಧಾರಪ್ರತಿ. ಅಂಕಿಗಳ ಆಯತ, ಅಕ್ಷರಗಳ ಮಾಲೆ, ಓಲೆ ಅಥವಾ ಕಾಗದದ ಆಧಾರಪ್ರತಿ ಎಂಬ ಮೂರು ಅರ್ಥಗಳೂ ಒಂದೇ ಕೃತಿಗೆ ಹೊಂದುವ ಸಂದರ್ಭ ಬಹು ಅಪರೂಪ. ಸಿರಿಭೂವಲಯ ಅಂಥದೊಂದು.

ಮಾತೃಕೆಯ ಲಕ್ಷಣ ಬಿಗಿಯಾದದ್ದು. ಅದರ ಪ್ರತಿಯೊಂದು ಮನೆಯಲ್ಲಿ ಒಂದೇ ಒಂದು ಸಂಖ್ಯೆ ಇರಬೇಕು. ಒಂದು ಸಾಲಿನಲ್ಲಿ ಐದು ಮನೆಗಳಿದ್ದರೆ ಎಲ್ಲ ಸಾಲುಗಳಲ್ಲಿಯೂ ಐದೇ ಇರಬೇಕು. ಜನಪದ ಬದುಕಿನಲ್ಲಿ ಇಂಥ ಬಿಗಿಗಿಂತ ಸಡಿಲವಾದ ಇನ್ನೊಂದು ಏರ್ಪಾಟು ಹೆಚ್ಚು ಬಳಕೆಯಲ್ಲಿದೆ. ಅಳಗುಳಿ ಮಣೆಯನ್ನು ಗಮನಿಸಬಹುದು. ಎರಡು ಸಾಲು, ಸಾಲಿಗೆ ಏಳು, ಒಟ್ಟು ಹದಿನಾಲ್ಕು ಗುಳಿಗಳು. ಕರಾವಳಿಯಲ್ಲಿ ಇದೇ ಚೆನ್ನೆಮಣೆ. ಆಟದ ಆರಂಭದಲ್ಲಿ ಪ್ರತಿ ಗುಳಿಯಲ್ಲಿಯೂ ಸಮಸಂಖ್ಯೆಯ ಹುಣಸೆಬೀಜವೋ ಗುಲಗಂಜಿಯೋ ಇರುತ್ತದೆ. ನಾಲ್ಕು ಸುತ್ತು ಕಳೆಯುವ ಹೊತ್ತಿಗೆ ಒಂದು ಗುಳಿ ಬರಿದು, ಮತ್ತೊಂದರಲ್ಲಿ ಹನ್ನೆರಡು. ಮಣೆಯ ಆಕಾರ ಬದಲಾಗಲಿಲ್ಲ, ಗುಳಿಗಳ ಒಳಗಿರುವುದು ಮಾತ್ರ ಬೇರೆ ಬೇರೆ ಗಾತ್ರದ್ದಾಯಿತು. ಅಡುಗೆಮನೆಯ ಮಸಾಲೆ ಡಬ್ಬಿಯೂ ಅಂಥದೇ: ಸಾಸಿವೆ, ಜೀರಿಗೆ, ಅರಿಸಿನ, ಮೆಂತ್ಯ ಒಂದೊಂದು ಬಟ್ಟಲಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿರುತ್ತವೆ.

ಗಣಕದ ಕೆಲವು ಭಾಷೆಗಳಲ್ಲಿ ಈ ಸಡಿಲ ಏರ್ಪಾಟು ತಡವಾಗಿ ಬಂದಿತು. ಅಮೆರಿಕೆಯ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ಕ್ಲೀವ್ ಮೋಲರ್ ಅವರು 1970ರ ದಶಕದ ಕೊನೆಯಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಮ್ಯಾಟ್‌ಲ್ಯಾಬ್ ಎಂಬ ಸಾಧನವನ್ನು ರೂಪಿಸಿದರು. ಹೆಸರೇ ಹೇಳುವಂತೆ ಅದು ಮಾತೃಕೆಗಳ ಪ್ರಯೋಗಶಾಲೆ. ಅದರಲ್ಲಿ ಮಾತೃಕೆಯ ಹೊರತು ಬೇರೆ ಬಗೆಯ ಸಂಗ್ರಹವೇ ಇರಲಿಲ್ಲ. 1984ರಲ್ಲಿ ಅದು ವಾಣಿಜ್ಯ ರೂಪ ಪಡೆಯಿತು. ಒಂದೊಂದು ಮನೆಯಲ್ಲಿಯೂ ಬೇಕಾದ ಗಾತ್ರದ ಮಾತೃಕೆಯನ್ನೋ ಅಕ್ಷರಗಳ ಸಾಲನ್ನೋ ಇಡಬಹುದಾದ ಸೆಲ್ ಅರೇ, ಕನ್ನಡದಲ್ಲಿ ಕೋಶಸರಣಿ ಎನ್ನಬಹುದಾದದ್ದು, 1996ರ ಕೊನೆಯಲ್ಲಿ ಬಂದ ಐದನೆಯ ಆವೃತ್ತಿಯೊಡನೆ ಸೇರಿಕೊಂಡಿತು. ಇದೇ ಬಗೆಯ ಬರವಣಿಗೆಯನ್ನು ಒಪ್ಪುವ ಆಕ್ಟೇವ್ ಎಂಬ ಮುಕ್ತ ತಂತ್ರಾಂಶವನ್ನು ಜಾನ್ ಈಟನ್ ಅವರು 1992ರಲ್ಲಿ ಆರಂಭಿಸಿದರು. ಹಣ ಕೊಡದೆ ಪಡೆಯಬಹುದಾದ ಕಾರಣ ಇಂಥ ತಂತ್ರಾಂಶ ಸಾಮಾನ್ಯ ವಿದ್ಯಾರ್ಥಿಯ ಕೈಗೂ ಎಟುಕುತ್ತದೆ.

ಕೋಶಸರಣಿ ಇಡುವುದಕ್ಕೆ ಅನುಕೂಲ, ಲೆಕ್ಕಕ್ಕೆ ಅನನುಕೂಲ. ಮಸಾಲೆ ಡಬ್ಬಿಯನ್ನು ಹಾಗೆಯೇ ಒಲೆಯ ಮೇಲಿಡಲಾಗುವುದಿಲ್ಲ. ಕೂಡುವುದಕ್ಕೂ ಗುಣಿಸುವುದಕ್ಕೂ ಕೊನೆಗೆ ಒಂದೇ ಮಾತೃಕೆ ಬೇಕು. ಆದ್ದರಿಂದ ಕೋಶಗಳಲ್ಲಿ ಬಿಡಿಯಾಗಿರುವ ಮಾತೃಕೆಗಳನ್ನು ಹೊರತೆಗೆದು ಜೋಡಿಸುವ ಹಂತ ತಪ್ಪಿದ್ದಲ್ಲ. ಜೋಡಿಸುವ ದಾರಿಗಳು ಮುಖ್ಯವಾಗಿ ಮೂರು. ಪಕ್ಕಪಕ್ಕಕ್ಕೆ ಇಡುವುದಾದರೆ ಎಲ್ಲದರ ಅಡ್ಡಸಾಲುಗಳ ಸಂಖ್ಯೆ ಒಂದೇ ಆಗಿರಬೇಕು. ಒಂದರ ಕೆಳಗೊಂದು ಇಡುವುದಾದರೆ ಕಂಬಸಾಲುಗಳ ಸಂಖ್ಯೆ ಒಂದೇ ಆಗಿರಬೇಕು. ಕಡತದ ಹಾಳೆಗಳಂತೆ ಒಂದರ ಹಿಂದೊಂದು ಪೇರಿಸುವುದಾದರೆ ಎರಡೂ ಹೊಂದಬೇಕು. ಹೊಂದದಿದ್ದರೆ ಯಂತ್ರವು ಅಳತೆ ಸರಿಯಿಲ್ಲವೆಂದು ಹೇಳಿ ನಿಂತುಬಿಡುತ್ತದೆ. ಅದು ನಿಂತುಬಿಡುವುದು ಉಪಕಾರವೇ ಸರಿ. ಅಳತೆ ಹೊಂದಿಯೂ ಕ್ರಮ ತಪ್ಪಿದಾಗ ಯಂತ್ರ ಏನನ್ನೂ ಹೇಳುವುದಿಲ್ಲ.

ಕೈಕಸುಬಿನ ಸಾಕ್ಷ್ಯ

ಅಳತೆ ಹೊಂದಬೇಕೆಂಬ ನಿಯಮ ನೇಕಾರರಿಗೆ ಹೊಸದಲ್ಲ. ಇಳಕಲ್ ಸೀರೆಯ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ. ಒಡಲಿನ ಹಾಸಿನ ಒಂದೊಂದು ಎಳೆಗೂ ಸೆರಗಿನ ಹಾಸಿನ ಒಂದೊಂದು ಎಳೆಯನ್ನು ಕುಣಿಕೆ ಹಾಕಿ ಸಿಕ್ಕಿಸುತ್ತಾರೆ. ಇದನ್ನು ಅಲ್ಲಿಯವರು ತೋಪ್ ತೆನಿ ಎನ್ನುತ್ತಾರೆ. ಎರಡೂ ಹಾಸುಗಳಲ್ಲಿ ಎಳೆಗಳ ಎಣಿಕೆ ಸರಿಹೊಂದದಿದ್ದರೆ ಸೆರಗು ಕೂಡುವುದೇ ಇಲ್ಲ. ಒಡಲಿನ ನೂಲು ಹತ್ತಿಯದೂ ಸೆರಗಿನದು ರೇಷ್ಮೆಯದೂ ಆಗಿರಬಹುದು. ಎಣಿಕೆ ಮಾತ್ರ ಒಂದೇ ಆಗಿರಬೇಕು. ಮಾತೃಕೆಗಳ ಜೋಡಣೆಯ ಮೊದಲನೆಯ ಷರತ್ತನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪಠ್ಯಪುಸ್ತಕವೂ ತೋರಿಸಲಾರದು.

ದಾವಣಗೆರೆ, ಚಿತ್ರದುರ್ಗ ಸೀಮೆಯ ಹಾಲುಮತದವರ ಕಂಬಳಿ ಇನ್ನೊಂದು ಬಗೆಯದು. ಕಿರಿದಾದ ಮಗ್ಗದಲ್ಲಿ ಅಗಲವಾದ ಕಂಬಳಿ ಇಳಿಯುವುದಿಲ್ಲವಾದ್ದರಿಂದ ಪಟ್ಟಿಗಳನ್ನು ನೇಯ್ದು, ಉದ್ದ ಸಮಮಾಡಿ, ಪಕ್ಕಪಕ್ಕಕ್ಕೆ ಇಟ್ಟು ಹೊಲಿಯುವ ರೂಢಿಯುಂಟು. ಹೊಲಿಗೆಗೆ ಮುನ್ನ ಎಲ್ಲ ಪಟ್ಟಿಗಳನ್ನೂ ಹಾಸಿ ನೋಡಿ, ಗಿಡ್ಡವಾದದ್ದನ್ನು ಪಕ್ಕಕ್ಕಿಡುವುದು ರೂಢಿಯ ವಿವೇಕ. ಕೌದಿ ಹೊಲಿಯುವ ಹೆಂಗಸರಿಗೆ ಈ ಸೌಕರ್ಯವಿಲ್ಲ. ಅವರ ಬಳಿ ಇರುವುದು ಹಳೆಯ ಸೀರೆ, ಪಂಚೆ, ಲಂಗಗಳ ಅಳತೆ ತಪ್ಪಿದ ತುಂಡುಗಳು. ಸಣ್ಣದಾದ ತುಂಡಿಗೆ ಇನ್ನೊಂದು ತೇಪೆ ಸೇರಿಸಿ ಅಂಚು ಸಮಮಾಡಿದ ಮೇಲೆಯೇ ಅದು ಸಾಲಿಗೆ ಸೇರುತ್ತದೆ. ಗಣಕದಲ್ಲಿಯೂ ಗಿಡ್ಡವಾದ ಸಾಲಿಗೆ ತೇಪೆ ಹಾಕುವ ರೂಢಿಯಿದೆ. ಆದರೆ ಅಲ್ಲೊಂದು ಎಚ್ಚರ ಬೇಕು. ತೇಪೆಯಾಗಿ ಸೊನ್ನೆಯನ್ನು ಹಾಕಿದರೆ ಮುಂದಿನ ಲೆಕ್ಕಕ್ಕೆ ಸೊನ್ನೆಯೂ ಒಂದು ಬೆಲೆಯಾಗಿ ಸೇರಿ ಸರಾಸರಿಯನ್ನು ಕೆಡಿಸುತ್ತದೆ. ಆದ್ದರಿಂದಲೇ ‘ಇಲ್ಲಿ ಸಂಖ್ಯೆಯೇ ಇಲ್ಲ’ ಎಂದು ಸಾರುವ ಬೇರೊಂದು ಗುರುತನ್ನು ಬಳಸುತ್ತಾರೆ. ಹಸ್ತಪ್ರತಿಯಲ್ಲಿ ಹುಳು ತಿಂದ ಎಡೆಗೆ ಸಂಪಾದಕನು ಚುಕ್ಕಿಗಳನ್ನಿಟ್ಟು ತ್ರುಟಿತವೆಂದು ತೋರಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಇಲ್ಲದ್ದನ್ನು ಇಲ್ಲವೆಂದೇ ಬರೆಯುವುದು, ಊಹಿಸಿ ತುಂಬದಿರುವುದು ಎರಡು ಶಾಸ್ತ್ರಗಳಿಗೂ ಸಮಾನವಾದ ಪ್ರಾಮಾಣಿಕತೆ.

ಕಾವ್ಯ ಮತ್ತು ಗಣಿತದಲ್ಲಿ ಚೌಕ

ಅಕ್ಷರಗಳನ್ನು ಚೌಕದ ಮನೆಗಳಲ್ಲಿ ಕೂರಿಸುವ ಆಟ ಭಾರತೀಯ ಕಾವ್ಯದಲ್ಲಿ ಹಳೆಯದು. ಭಾರವಿಯ ಕಿರಾತಾರ್ಜುನೀಯದ ಹದಿನೈದನೆಯ ಸರ್ಗದಲ್ಲಿ ಸರ್ವತೋಭದ್ರವೆಂಬ ಬಂಧವಿದೆ. ಎಂಟೆಂಟು ಅಕ್ಷರಗಳ ನಾಲ್ಕು ಪಾದಗಳನ್ನು ಒಂದರ ಕೆಳಗೊಂದು ಬರೆದು, ಅವುಗಳನ್ನೇ ತಿರುವುಮುರುವಾಗಿ ಮತ್ತೆ ಕೆಳಗೆ ಬರೆದರೆ ಎಂಟು ಮನೆ ಎಂಟು ಸಾಲಿನ ಚೌಕವಾಗುತ್ತದೆ. ಅದನ್ನು ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಹೇಗೆ ಓದಿದರೂ ಅದೇ ಪದ್ಯ ಬರುತ್ತದೆ. ಗಣಿತದ ಮಾತಿನಲ್ಲಿ ಹೇಳುವುದಾದರೆ ಒಂದು ಮಾತೃಕೆಗೆ ಅದರದೇ ಪ್ರತಿಬಿಂಬವನ್ನು ಲಂಬವಾಗಿ ಜೋಡಿಸಿದ್ದು. ಈ ಭಾರವಿಯ ಹೆಸರು 634ರ ಐಹೊಳೆ ಶಾಸನದಲ್ಲಿ ಕಾಳಿದಾಸನ ಜೊತೆಯಲ್ಲಿ ಬರುತ್ತದೆ. ಚಿತ್ರಬಂಧ ಬಲ್ಲ ಕವಿಯ ಕೀರ್ತಿ ಆ ಹೊತ್ತಿಗೆ ಕನ್ನಡ ನಾಡಿನ ನಡುವಿಗೆ ಮುಟ್ಟಿತ್ತು.

ಸಂಖ್ಯೆಗಳ ಚೌಕದಲ್ಲಿ ಹೆಚ್ಚು ವ್ಯವಸ್ಥಿತವಾದ ಕೆಲಸ ನಡೆದದ್ದು ಗಣಿತಗ್ರಂಥಗಳಲ್ಲಿ. ನಾರಾಯಣ ಪಂಡಿತನು 1356ರಲ್ಲಿ ರಚಿಸಿದ ಗಣಿತಕೌಮುದಿಯ ಭದ್ರಗಣಿತ ಪ್ರಕರಣ ಮಾಯಾಚೌಕಗಳಿಗೇ ಮೀಸಲು. ಅವನು ಚೌಕಗಳನ್ನು ಸಮಗರ್ಭ, ವಿಷಮಗರ್ಭ, ವಿಷಮ ಎಂದು ವಿಂಗಡಿಸುತ್ತಾನೆ. ಅವನು ಹೇಳುವ ಒಂದು ವಿಧಾನದ ಹೆಸರು ಸಂಪುಟ. ಛಾದ್ಯ ಎಂಬ ಚೌಕದ ಮೇಲೆ ಛಾದಕ ಎಂಬ ಚೌಕವನ್ನು ಅಂಗೈ ಮೇಲೆ ಅಂಗೈ ಮುಚ್ಚಿದಂತೆ ಮುಚ್ಚಿ, ಮನೆಗೆ ಮನೆಯನ್ನು ಕೂಡಿದರೆ ಮೂರನೆಯ ಚೌಕ ದೊರೆಯುತ್ತದೆ. ಇದು ಪಕ್ಕಕ್ಕಿಡುವ ಜೋಡಣೆಯಲ್ಲ, ಮೇಲಿಡುವ ಜೋಡಣೆ. ಸರಳವಾದೊಂದು ಕೈಮುಗಿಯುವ ಭಂಗಿಯಿಂದ ಗಣಿತದ ಒಂದು ಕ್ರಿಯೆಗೆ ಹೆಸರು ಸಿಕ್ಕಿರುವುದು ಜಾನಪದದ ಅಭ್ಯಾಸಿಗಳಿಗೆ ಪ್ರಿಯವಾಗಬೇಕಾದ ಸಂಗತಿ.

ಬೆಸ ಸಂಖ್ಯೆಯ ಚೌಕಗಳನ್ನು ಓರೆಯಾಗಿ ತುಂಬುವ ವಿಧಾನವೊಂದು ಯುರೋಪಿನಲ್ಲಿ ಸಯಾಮಿ ವಿಧಾನವೆಂದು ಪ್ರಸಿದ್ಧವಾಗಿದೆ. ಫ್ರಾನ್ಸಿನ ರಾಯಭಾರಿಯಾಗಿ 1687-88ರಲ್ಲಿ ಸಯಾಂ ದೇಶಕ್ಕೆ ಹೋಗಿದ್ದ ದ ಲಾ ಲೂಬೇರನು 1691ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದನ್ನು ವಿವರಿಸಿದನು. ಆದರೆ ಆ ವಿಧಾನವನ್ನು ಅವನಿಗೆ ತಿಳಿಸಿದ ಸಹಪ್ರಯಾಣಿಕನು ಅದನ್ನು ಕಲಿತದ್ದು ಸೂರತ್ತಿನಲ್ಲಿ. ಮೇಲಿನ ಸಾಲಿನ ನಡುಮನೆಯಲ್ಲಿ ಒಂದನ್ನು ಬರೆ. ಬಲಕ್ಕೆ ಒಂದು ಮನೆ, ಮೇಲಕ್ಕೆ ಒಂದು ಮನೆ ಓರೆಯಾಗಿ ಸಾಗು. ಚೌಕದ ಅಂಚು ದಾಟಿದರೆ ಎದುರಿನ ಅಂಚಿನಿಂದ ಒಳಗೆ ಬಾ. ಮನೆ ಮೊದಲೇ ತುಂಬಿದ್ದರೆ ಒಂದು ಮನೆ ಕೆಳಗಿಳಿ. ಇಷ್ಟೇ ನಿಯಮ. ಈ ನಡೆಯನ್ನು ನೆನಪಿನಲ್ಲಿಟ್ಟುಕೊಂಡು ಸಿರಿಭೂವಲಯಕ್ಕೆ ಬರಬಹುದು.

ಸಿರಿಭೂವಲಯ

ಕುಮುದೇಂದು ಮುನಿಯ ಈ ಕೃತಿಯನ್ನು ಪಂಡಿತ ಯಲ್ಲಪ್ಪ ಶಾಸ್ತ್ರಿಗಳು ಸಂರಕ್ಷಿಸಿದರು. ಕರ್ಲಮಂಗಲಂ ಶ್ರೀಕಂಠಯ್ಯನವರೂ ಕೆ. ಅನಂತಸುಬ್ಬರಾಯರೂ ಅವರೊಡನೆ ಸೇರಿ ಅದನ್ನು ಬಿಡಿಸುವ ಕೆಲಸಕ್ಕೆ ತೊಡಗಿದರು. ಬೆಂಗಳೂರಿನ ಸರ್ವಾರ್ಥಸಿದ್ಧಿ ಸಂಘವು 1953ರಲ್ಲಿ ಮೊದಲ ಭಾಗವನ್ನು ಪ್ರಕಟಿಸಿತು. ಅರ್ಧ ಶತಮಾನದ ನಂತರ, 2003ರಲ್ಲಿ, ಬೆಂಗಳೂರಿನ ಪುಸ್ತಕಶಕ್ತಿ ಪ್ರಕಾಶನದಿಂದ ಅದು ಮತ್ತೆ ಓದುಗರ ಕೈಸೇರಿತು. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಅದರ ಸೂಕ್ಷ್ಮಚಿತ್ರ ಸುರುಳಿಗಳಿವೆ.

ಈ ಕೃತಿಯಲ್ಲಿ ಅಕ್ಷರಗಳಿಲ್ಲ, ಅಂಕಿಗಳಿವೆ. ಇಪ್ಪತ್ತೇಳು ಸಾಲು, ಸಾಲಿಗೆ ಇಪ್ಪತ್ತೇಳು ಮನೆ, ಹೀಗೆ 729 ಮನೆಗಳ ಒಂದು ಚೌಕಕ್ಕೆ ಚಕ್ರವೆಂದು ಹೆಸರು. ಪ್ರತಿ ಮನೆಯಲ್ಲಿಯೂ 1ರಿಂದ 64ರವರೆಗಿನ ಒಂದು ಅಂಕಿ. ಒಂಬತ್ತು ಸ್ವರಗಳು ಹ್ರಸ್ವ, ದೀರ್ಘ, ಪ್ಲುತಗಳೆಂಬ ಮೂರು ಮೂರು ಭೇದಗಳಿಂದ ಇಪ್ಪತ್ತೇಳಾಗುತ್ತವೆ, ವರ್ಗೀಯ, ಅವರ್ಗೀಯ ವ್ಯಂಜನಗಳು ಮೂವತ್ತಮೂರು, ಯೋಗವಾಹಗಳು ನಾಲ್ಕು. ಒಟ್ಟು ಅರವತ್ತನಾಲ್ಕು ಧ್ವನಿಗಳಿಗೆ ಅರವತ್ತನಾಲ್ಕು ಅಂಕಿಗಳು. ದೊರೆತಿರುವ ಚಕ್ರಗಳು 1270 ಎಂಬ ಎಣಿಕೆಯಂತೆ ಲೆಕ್ಕ ಹಾಕಿದರೆ 9,25,830 ಮನೆಗಳಾಗುತ್ತವೆ.

ಅಂಕಿಗಳನ್ನು ಸಾಲಾಗಿ ಓದಿಕೊಂಡು ಹೋದರೆ ಅರ್ಥವಾಗುವ ಮಾತು ಸಿಗುವುದಿಲ್ಲ. ಓದುವ ಹಾದಿಗೆ ಬಂಧವೆಂದು ಹೆಸರು. ಚಕ್ರಬಂಧವನ್ನು ವಿವರಿಸಿದವರು ತೋರಿಸುವ ಹಾದಿ ಹೀಗಿದೆ: ಮೊದಲ ಸಾಲಿನ ಹದಿನಾಲ್ಕನೆಯ ಮನೆಯಿಂದ ಹೊರಟು, ಕೊನೆಯ ಸಾಲಿನ ಹದಿನೈದನೆಯ ಮನೆಗೆ ಬಂದು, ಅಲ್ಲಿಂದ ಓರೆಯಾಗಿ ಮೇಲೇರುವುದು. ಹದಿನಾಲ್ಕು ಎಂಬುದು ಇಪ್ಪತ್ತೇಳರ ನಡುಮನೆ. ಇದು ಸೂರತ್ತಿನಿಂದ ಸಯಾಮಿನ ಹೆಸರು ಹೊತ್ತು ಯುರೋಪಿಗೆ ಹೋದ ಅದೇ ನಡೆ. ಮಾಯಾಚೌಕದಲ್ಲಿ ಸಂಖ್ಯೆಗಳನ್ನು ಬರೆಯಲು ಬಳಸಿದ ದಾರಿಯನ್ನು ಕವಿ ಇಲ್ಲಿ ಅಕ್ಷರಗಳನ್ನು ಅಡಗಿಸಲು ಬಳಸಿದ್ದಾನೆ. ಚಕ್ರದ ಅಂಕಿಗಳ ಮೊತ್ತದಲ್ಲಿ ಮಾಯೆಯಿಲ್ಲ, ಮಾಯೆಯಿರುವುದು ನಡೆಯಲ್ಲಿ.

ನವಮಾಂಕ ಬಂಧವೆಂಬುದು ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರದ್ದು. ಇಲ್ಲಿ ದೊಡ್ಡ ಚಕ್ರವನ್ನು ಒಂಬತ್ತು ಮನೆಗಳ ಚಿಕ್ಕ ಚೌಕವೆಂದು ಭಾವಿಸಲಾಗುತ್ತದೆ. ಆ ಒಂಬತ್ತು ಮನೆಗಳ ಒಂದೊಂದರಲ್ಲಿಯೂ ಎಂಬತ್ತೊಂದು ಅಂಕಿಗಳ ಒಂದು ಚೌಕ. ಚೌಕದೊಳಗೆ ಚೌಕ. ಮೂರು ಸಾಲು ಮೂರು ಮನೆಗಳ ಕೋಶಸರಣಿಯ ಪ್ರತಿ ಕೋಶದಲ್ಲಿ ಒಂಬತ್ತು ಸಾಲು ಒಂಬತ್ತು ಮನೆಗಳ ಮಾತೃಕೆಯನ್ನಿಟ್ಟು, ಎಲ್ಲವನ್ನೂ ಅವುಗಳ ಸ್ಥಾನದಲ್ಲೇ ಬೆಸೆದರೆ ಇಪ್ಪತ್ತೇಳರ ಮಾತೃಕೆ ಸಿದ್ಧವಾಗುತ್ತದೆ. ಮ್ಯಾಟ್‌ಲ್ಯಾಬ್‌ನಲ್ಲಿ ಈ ಬೆಸುಗೆಗೆಂದೇ ಸೆಲ್‌ಟುಮ್ಯಾಟ್ ಎಂಬ ಆಜ್ಞೆಯಿದೆ. ಬೆಸೆಯುವುದು ಹೀಗೆ ಸುಲಭ, ಓದುವ ಕ್ರಮ ಬೇರೆ. ಒಂಬತ್ತು ಮನೆಗಳಿಗೆ ಮೇಲಿನ ಎಡಮೂಲೆಯಿಂದ ಸಾಲಾಗಿ ಒಂದರಿಂದ ಒಂಬತ್ತರವರೆಗೆ ಗುರುತು ಕೊಟ್ಟು, ಓರೆನಡೆಯನ್ನೇ ಅವಕ್ಕೂ ಅನ್ವಯಿಸಿದರೆ ಎರಡನೆಯ ಮನೆಯಿಂದ ಒಂಬತ್ತನೆಯದಕ್ಕೆ, ಅಲ್ಲಿಂದ ನಾಲ್ಕು, ಏಳು, ಐದು, ಮೂರು, ಆರು, ಒಂದು, ಎಂಟು ಎಂದು ಸಾಗಬೇಕಾಗುತ್ತದೆ. ಒಳಗಿನ ಎಂಬತ್ತೊಂದು ಮನೆಗಳಿಗೂ ಇಂಥದೇ ಒಂದು ನಡೆ. ಹೊರಗಿನ ಕ್ರಮ ತಿಳಿದು ಒಳಗಿನದು ತಿಳಿಯದಿದ್ದರೂ, ಒಳಗಿನದು ತಿಳಿದು ಹೊರಗಿನದು ತಪ್ಪಿದರೂ ಪದ್ಯ ಹುಟ್ಟುವುದಿಲ್ಲ.

ಈ ಎಡೆಯಲ್ಲಿ ಗಣಕವು ಸಹಾಯಕ್ಕೆ ಬರುತ್ತದೆ, ಅಪಾಯವನ್ನೂ ತರುತ್ತದೆ. 1270 ಚಕ್ರಗಳನ್ನು ಒಂದೊಂದಾಗಿ ಗಣಕಕ್ಕೆ ಊಡಿಸಿ, ಪ್ರತಿ ಬಾರಿಯೂ ಹಿಂದಿನ ರಾಶಿಗೆ ಹೊಸದನ್ನು ಅಂಟಿಸುತ್ತ ಹೋದರೆ, ಯಂತ್ರವು ಸಾಮಾನ್ಯವಾಗಿ ಅದುವರೆಗಿನ ಇಡೀ ರಾಶಿಯನ್ನು ಹೊಸ ಜಾಗಕ್ಕೆ ನಕಲು ಮಾಡುತ್ತದೆ. ಹಾಗೆ ಕೊನೆಮುಟ್ಟುವಷ್ಟರಲ್ಲಿ ಹಳೆಯ ಚಕ್ರಗಳ 8,05,815 ಮರುನಕಲುಗಳಾಗಿರುತ್ತವೆ. ಚಕ್ರಗಳನ್ನು ಕೋಶಸರಣಿಯಲ್ಲಿ ಬಿಡಿಯಾಗಿಟ್ಟುಕೊಂಡು ಕೊನೆಗೆ ಒಮ್ಮೆಲೇ ಜೋಡಿಸಿದರೆ ಒಂದೊಂದನ್ನು ಒಂದೇ ಸಲ ನಕಲು ಮಾಡಿದರೆ ಸಾಕು. ಕಂಬಳಿಯವರು ಪಟ್ಟಿಗಳನ್ನೆಲ್ಲ ನೇಯ್ದು ಹಾಸಿ ನೋಡಿದ ಮೇಲೆ ಸೂಜಿ ಹಿಡಿಯುವುದು ಇದೇ ವಿವೇಕದಿಂದ.

ಜೋಡಿಸುವ ದಿಕ್ಕಿನಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಚಕ್ರಗಳನ್ನು ಒಂದರ ಕೆಳಗೊಂದು ಇಟ್ಟರೆ 34,290 ಅಡ್ಡಸಾಲುಗಳ ಕೋಷ್ಠಕವಾಗುತ್ತದೆ; ಪಕ್ಕಪಕ್ಕಕ್ಕೆ ಇಟ್ಟರೆ ಅಷ್ಟೇ ಕಂಬಸಾಲುಗಳು. ಎರಡೂ ಅಳತೆಗೆ ಸರಿ. ಆದರೆ 1957ರಲ್ಲಿ ಬಂದ ಫೋರ್‌ಟ್ರಾನ್ ಭಾಷೆಯ ರೂಢಿಯನ್ನು ಅನುಸರಿಸಿ ಮ್ಯಾಟ್‌ಲ್ಯಾಬ್ ಮತ್ತು ಆಕ್ಟೇವ್‌ಗಳು ಮಾತೃಕೆಯನ್ನು ಕಂಬಸಾಲಿನ ಕ್ರಮದಲ್ಲಿ, ಎಂದರೆ ಮೇಲಿನಿಂದ ಕೆಳಕ್ಕೆ, ನೆನಪಿಟ್ಟುಕೊಳ್ಳುತ್ತವೆ. ಪಕ್ಕಪಕ್ಕಕ್ಕೆ ಇಟ್ಟ ಚಕ್ರಗಳನ್ನು ಹಾಗೆ ಓದಿದರೆ ಒಂದು ಚಕ್ರ ಪೂರ್ತಿಯಾದ ಮೇಲೆ ಇನ್ನೊಂದು ಬರುತ್ತದೆ. ಕೆಳಗೆ ಕೆಳಗೆ ಇಟ್ಟವುಗಳನ್ನು ಓದಿದರೆ ಎಲ್ಲ 1270 ಚಕ್ರಗಳ ಮೊದಲ ಕಂಬಸಾಲು ಮೊದಲು ಬಂದು, ಚಕ್ರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಯಂತ್ರ ತಪ್ಪೆಂದು ಹೇಳುವುದಿಲ್ಲ, ಏಕೆಂದರೆ ಯಾವ ಅಂಕಿಯೂ ಕಳೆದುಹೋಗಿಲ್ಲ. ಚಕ್ರಗಳನ್ನು ಹಾಳೆಗಳಂತೆ ಒಂದರ ಹಿಂದೊಂದು ಪೇರಿಸುವುದೇ ಇಂಥ ಕೃತಿಗೆ ಹೆಚ್ಚು ಯೋಗ್ಯವಾದ ಕ್ರಮ. ಅದರಲ್ಲಿ ಪ್ರತಿ ಚಕ್ರಕ್ಕೂ ತನ್ನದೇ ಹಾಳೆಯ ಸಂಖ್ಯೆ ಉಳಿದಿರುತ್ತದೆ.

ಕೃತಿಯ ಕಾಲದ ಬಗ್ಗೆ ಒಮ್ಮತವಿಲ್ಲ. ಕವಿಯನ್ನು ರಾಷ್ಟ್ರಕೂಟ ಅಮೋಘವರ್ಷನ ಕಾಲಕ್ಕೆ, ಒಂಬತ್ತನೆಯ ಶತಮಾನಕ್ಕೆ, ಒಯ್ಯುವ ಪ್ರಯತ್ನ ನಡೆದಿದೆ. ಅದೇ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯನ ಗಣಿತಸಾರಸಂಗ್ರಹ ರಚಿತವಾದದ್ದರಿಂದ ಈ ಊಹೆ ಆಕರ್ಷಕವೆನಿಸುತ್ತದೆ. ಆದರೆ ಬಿಡಿಸಿದಾಗ ದೊರೆಯುವ ಪದ್ಯಗಳು ಸಾಂಗತ್ಯದಲ್ಲಿವೆ. ಹಾಡುಗಬ್ಬದ ಈ ಮಟ್ಟು ಶಿಷ್ಟಕಾವ್ಯದಲ್ಲಿ ಕಾಣಿಸಿಕೊಳ್ಳುವುದು ಹದಿಮೂರನೆಯ ಶತಮಾನದ ಶಿಶುಮಾಯಣನಿಂದೀಚೆಗೆ. ಅದರ ಏಳಿಗೆ ಹದಿನೈದು, ಹದಿನಾರನೆಯ ಶತಮಾನಗಳಲ್ಲಿ. ಕವಿರಾಜಮಾರ್ಗವು ಚತ್ತಾಣ, ಬೆದಂಡೆಗಳನ್ನು ಹೆಸರಿಸುತ್ತದೆಯೇ ಹೊರತು ಸಾಂಗತ್ಯವನ್ನಲ್ಲ. ಆದ್ದರಿಂದ ಈಗಿನ ರೂಪದ ಕೃತಿಯನ್ನು ಬಹು ಹಿಂದಕ್ಕೆ ಒಯ್ಯುವುದು ಕಷ್ಟ. 718 ಭಾಷೆಗಳು ಇದರಲ್ಲಿ ಅಡಗಿವೆ, ಆಧುನಿಕ ವಿಜ್ಞಾನವೆಲ್ಲ ಇದರಲ್ಲಿದೆ ಎಂಬ ಮಾತುಗಳು ಕೃತಿಗೆ ಉಪಕಾರ ಮಾಡಿಲ್ಲ. ಅಂಥ ಮಾತುಗಳಿಂದ ಬೇಸತ್ತ ವಿದ್ವಾಂಸರು ಕೃತಿಯನ್ನೇ ಕೈಬಿಟ್ಟರೆಂಬುದು ಹೆಚ್ಚಿನ ನಷ್ಟ. ಪದ್ಯಗಳ ಮೊದಲ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಪ್ರಾಕೃತ ಪದ್ಯವೂ, ನಡುವಿನ ಅಕ್ಷರಗಳನ್ನು ಓದಿದರೆ ಸಂಸ್ಕೃತ ಪದ್ಯವೂ ಹೊರಡುತ್ತವೆ ಎಂದು ಪಂಡಿತರು ತೋರಿಸಿದ್ದಷ್ಟೇ ಸಾಕಾಗಿತ್ತು. ಕನ್ನಡ ಕವಿಯೊಬ್ಬನ ಸಾಮರ್ಥ್ಯಕ್ಕೆ ಅದಕ್ಕಿಂತ ದೊಡ್ಡ ಪ್ರಮಾಣ ಬೇಡ.

ತಪ್ಪಿನ ಬಗೆಗಳು

ಗ್ರಂಥಸಂಪಾದನೆಯ ದೃಷ್ಟಿಯಿಂದ ಅಂಕಕಾವ್ಯದ ಪ್ರತಿಕಾರನ ತಪ್ಪುಗಳು ಎರಡು ಬಗೆಯವು. ಒಂದು ಮನೆಯಲ್ಲಿ 45ರ ಬದಲು 54 ಎಂದು ಬರೆದರೆ ಒಂದು ಅಕ್ಷರ ಕೆಡುತ್ತದೆ. ಸುತ್ತಲಿನ ಪದ್ಯ ಉಳಿದಿರುವುದರಿಂದ ಅದನ್ನು ತಿದ್ದಬಹುದು. ಆದರೆ ಒಂದು ಮನೆಯನ್ನು ಬಿಟ್ಟು ಮುಂದಿನದನ್ನು ಬರೆದರೆ ಆ ಸಾಲಿನ ಉಳಿದ ಮನೆಗಳೆಲ್ಲ ಒಂದೊಂದು ಸ್ಥಾನ ಜರುಗುತ್ತವೆ. ಓರೆನಡೆಯು ಒಂದೊಂದು ಸಾಲನ್ನೂ ಬೇರೆ ಬೇರೆ ಮನೆಯಲ್ಲಿ ಮುಟ್ಟುವುದರಿಂದ ಈ ಜರುಗಿನ ಕೇಡು ಒಂದೇ ಪದ್ಯದಲ್ಲಿ ನಿಲ್ಲದೆ ಚಕ್ರದಾದ್ಯಂತ ಅಲ್ಲಲ್ಲಿ ಒಂದೊಂದು ಅಕ್ಷರವಾಗಿ ಚೆಲ್ಲಿಹೋಗುತ್ತದೆ. ಗದ್ಯದ ಹಸ್ತಪ್ರತಿಯಲ್ಲಿ ಒಂದು ಸಾಲು ಬಿಟ್ಟುಹೋದರೆ ಅರ್ಥ ಅಲ್ಲಿಯೇ ತುಂಡಾಗಿ ಓದುಗನಿಗೆ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. ಇದನ್ನು ಹಿಡಿಯಲು ಇರುವ ಉಪಾಯ ಒಂದೇ: ಪ್ರತಿ ಸಾಲಿನಲ್ಲಿ ಇಪ್ಪತ್ತೇಳು ಅಂಕಿಗಳಿವೆಯೇ, ಪ್ರತಿ ಚಕ್ರದಲ್ಲಿ ಇಪ್ಪತ್ತೇಳು ಸಾಲುಗಳಿವೆಯೇ, ಯಾವುದಾದರೂ ಅಂಕಿ ಅರವತ್ತನಾಲ್ಕನ್ನು ಮೀರಿದೆಯೇ ಎಂದು ಜೋಡಿಸುವ ಮೊದಲು ಎಣಿಸುವುದು. ಅಂಕಿಗಳಲ್ಲಿ ಸೊನ್ನೆಗೆ ಅಕ್ಷರವಿಲ್ಲವಾದ್ದರಿಂದ ಲುಪ್ತವಾದ ಮನೆಗೆ ಸೊನ್ನೆಯನ್ನೇ ಗುರುತಾಗಿ ಬಳಸುವ ಅವಕಾಶ ಈ ಕೃತಿಗಿದೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಜೋಡಣೆಯ ನಿಯಮ ಚಕ್ರದೊಳಗೆ ಬರೆದಿರುವಂಥದಲ್ಲ. ರಂಗೋಲಿಯ ಚುಕ್ಕಿಗಳನ್ನು ನೋಡಿದ ಮಾತ್ರಕ್ಕೆ ಎಳೆ ಯಾವ ಕಡೆಗೆ ತಿರುಗಬೇಕೆಂದು ತಿಳಿಯುವುದಿಲ್ಲ. ತಾಯಿ ಕೈಹಿಡಿದು ತೋರಿಸಿರಬೇಕು. ತೋಪ್ ತೆನಿಯ ಕುಣಿಕೆ ಹಾಕುವ ಬೆರಳು ನಿಂತರೆ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ ಕಟ್ಟುಗಳಾಗಿ ಉಳಿಯುತ್ತವೆ. ಸಿರಿಭೂವಲಯದ ಬಿಡಿಸಿದ ಭಾಗಕ್ಕಿಂತ ಬಿಡಿಸದ ಭಾಗವೇ ಹೆಚ್ಚು. ಅಂಕಿಗಳೆಲ್ಲ ಕಾಗದದ ಮೇಲೂ ಸುರುಳಿಯ ಮೇಲೂ ಇವೆ. ಮುಂದಿನ ಚಕ್ರಕ್ಕೆ ಯಾವ ಬಂಧ ಎಂಬುದನ್ನು ಬಲ್ಲ, ಗುರುಮುಖದಿಂದ ಕಲಿತವರ ಸರಣಿ ಮಾತ್ರ ಕಡಿದಿದೆ. ಈಗ ಅದನ್ನು ಕೃತಿಯೊಳಗಿನ ಸೂಚನೆಗಳಿಂದಲೂ ಪ್ರಯತ್ನದಿಂದಲೂ ಮರುಪಡೆಯಬೇಕು. ಅದಕ್ಕೆ ಅಗತ್ಯವಾದುದು ಚಕ್ರಗಳನ್ನು ಶುದ್ಧ ಅಂಕಿಗಳಾಗಿ, ಯಾರು ಬೇಕಾದರೂ ಪರೀಕ್ಷಿಸಬಹುದಾದ ರೂಪದಲ್ಲಿ ಪ್ರಕಟಿಸುವುದು, ಮತ್ತು ಓದಿನ ನಿಯಮವನ್ನು ಬೇರೆಯಾಗಿ ಬರೆದಿಡುವುದು. ಎರಡನ್ನೂ ಬೆರೆಸಿ ಬರಿಯ ಫಲಿತಾಂಶವನ್ನು ಮುಂದಿಟ್ಟರೆ ಇನ್ನೊಬ್ಬರು ಅದನ್ನು ಒರೆಗೆ ಹಚ್ಚುವಂತಿಲ್ಲ.

ಒರೆಗಲ್ಲು ಕೃತಿಯಲ್ಲಿಯೇ ಇದೆ. ಸಾಂಗತ್ಯ ಹಾಡುವ ಮಟ್ಟು. ಅಂಶಗಣಗಳ ಲಯವೂ ಎರಡನೆಯ ಅಕ್ಷರದ ಪ್ರಾಸವೂ ಕಿವಿಗೆ ಗೊತ್ತಾಗುವಂಥವು. ಅರವತ್ತನಾಲ್ಕು ಧ್ವನಿಗಳ 729 ಮನೆಗಳನ್ನು ತಪ್ಪು ಕ್ರಮದಲ್ಲಿ ಜೋಡಿಸಿದಾಗ ಅಕ್ಷರಗಳ ರಾಶಿಯೇನೋ ಸಿಗುತ್ತದೆ. ಅದರಿಂದ ಅಲ್ಲೊಂದು ಇಲ್ಲೊಂದು ಪದವನ್ನೂ ಹೆಕ್ಕಬಹುದು. ಆದರೆ ನಾಲ್ಕು ಸಾಲು ಕಟ್ಟಾಗಿ, ಪ್ರಾಸ ಕೂಡಿ, ಹಾಡಲು ಬರುವುದಿಲ್ಲ. ಕ್ರಮ ಸರಿಯಿದ್ದಲ್ಲಿ, ಅಂಕಿಗಳಿಂದ ಅಕ್ಷರಕ್ಕೆ ತಿರುಗಿದ ಪದ್ಯವನ್ನು ಹಾಡುಗಬ್ಬ ಬಲ್ಲವರ ಮುಂದಿಟ್ಟರೆ ಅವರು ಅದನ್ನು ಹಾಡಿಯೇ ತೋರಿಸುತ್ತಾರೆ.